ರುದ್ರವ್ವನ ಎದೆಯ ಸದ್ದು

ಪುಣೆಯ ಆ ಮೆಡಿಕಲ್ ಕಾಲೇಜಿನಲ್ಲಿ ಕಳೆದ ಹನ್ನೊಂದು ವರ್ಷಗಳಲ್ಲಿ ಓದಿಹೋದ ಹುಡುಗರು ರುದ್ರವ್ವನ ಮುಖವನ್ನು ಮರೆತಿರಬಹುದು, ಎದೆಯನ್ನು ಮರೆತಿರಲಾರರು. ಅವಳ ಹೃದಯದ ಒಂದು ಕವಾಟ ಕಿರಿದಾಗಿತ್ತು. ರಕ್ತ ಅದರೊಳಗೆ ನುಸುಳುವಾಗ ಎಲ್ಲೋ ದೂರದ ಮನೆಯಲ್ಲಿ ಬೀಸುಕಲ್ಲು ತಿರುಗಿದಂಥ ಸದ್ದು. ಇಷ್ಟು ಸ್ಪಷ್ಟವಾಗಿ ಕೇಳುವ ಎದೆ ಸುಲಭಕ್ಕೆ ಸಿಗುವುದಿಲ್ಲವೆಂದು ಪ್ರತಿ ವರ್ಷ ಪ್ರಾಯೋಗಿಕ ಪರೀಕ್ಷೆಗೆ ಅವಳನ್ನು ಕರೆಸುತ್ತಿದ್ದರು. ಕಾಲೇಜಿನವರ ಬಾಯಲ್ಲಿ ಅವಳು ‘ಎಕ್ಸಾಮ್ ಕೇಸ್’.

ಅವಳ ಗಂಡ ಅಪ್ಪಾಸಾಹೇಬ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದು ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಕಸಬಾ ಪೇಠೆಯ, ಹಲವು ಬಿಡಾರಗಳ ಹಳೆಯ ವಾಡೆಯ ಎರಡನೆಯ ಮಾಳಿಗೆಯಲ್ಲಿ ಒಂದು ಕೋಣೆ. ವರ್ಷದ ಉಳಿದ ದಿನಗಳಲ್ಲಿ ಅವಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಪರೀಕ್ಷೆಯ ವಾರದಲ್ಲಿ ಮಾತ್ರ ಒಬ್ಬರಾದ ಮೇಲೊಬ್ಬರು ಬಾಗಿ, ಉಸಿರು ಹಿಡಿದು, ಅವಳೊಳಗಿನದನ್ನು ಕೇಳುತ್ತಿದ್ದರು. ಹೆದರಿದ ಹುಡುಗ ಸ್ಟೆತಸ್ಕೋಪನ್ನು ಎಲ್ಲೋ ಇಟ್ಟರೆ ಅವಳೇ ಮೆಲ್ಲಗೆ ಎಡಕ್ಕೆ ಹೊರಳುತ್ತಿದ್ದಳು. ಹಾಗೆ ಹೊರಳಿದಾಗಲೇ ಆ ಸದ್ದು ಚೆನ್ನಾಗಿ ಕೇಳುವುದು.

ಉತ್ತರಗಳೂ ಬಾಯಿಪಾಠವಾಗಿದ್ದವು, ಮರಾಠಿಯಲ್ಲಿ. ಎರಡು ಮಾಳಿಗೆ ಹತ್ತಿದರೆ ದಮ್ಮು. ಕಾಲು ಬಾತಿಲ್ಲ. ಮಲಗಲು ಒಂದೇ ದಿಂಬು. ಹನ್ನೊಂದು ವರ್ಷ ಒಂದಕ್ಷರ ಬದಲಾಗಿರಲಿಲ್ಲ.

ಬದಲಾದದ್ದು ಎದೆ. ೨೦೨೦ರ ಜೂನ್ ತಿಂಗಳಿನಿಂದ ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಆಸ್ಪತ್ರೆಯೆಂದರೆ ಊರೇ ಹೆದರುತ್ತಿದ್ದ ಕಾಲ ಅದು; ಯಾರಾದರೂ ಕೇಳಿದ್ದರೆ ಆ ಕಾರಣ ಸಾಕಾಗುತ್ತಿತ್ತು. ನಿಜವಾದ ಕಾರಣ ಬೇರೆ. “ಹೆಚ್ಚಾದರೆ ಕವಾಟ ಅಗಲ ಮಾಡಬೇಕಾಗುತ್ತೆ ಮಾವಶಿ, ಆಮೇಲೆ ಈ ಸದ್ದು ಹೋಗಿಬಿಡುತ್ತೆ” ಎಂದು ಕಾಲೇಜಿನಲ್ಲಿ ಪಾಠ ಹೇಳುವ ಡಾಕ್ಟರು ಸಪ್ನಾ ಮೇಡಂ, ಅವಳನ್ನು ಚಿಕ್ಕಮ್ಮನೆಂದೇ ಕರೆಯುವವರು, ಹಿಂದೊಮ್ಮೆ ಹೇಳಿದ್ದರು. ಸದ್ದು ಹೋದ ಮೇಲೆ ತನ್ನನ್ನು ಕರೆಯುವವರಾರು?

ಆಗಸ್ಟಿನಲ್ಲಿ ಅದೇ ಮೇಡಂ ಫೋನ್ ಮಾಡಿದರು. ಕಾಲೇಜು ಮುಚ್ಚಿದೆ, ಪಾಠವೆಲ್ಲ ಫೋನಿನಲ್ಲೇ, ಮಕ್ಕಳು ಒಬ್ಬ ಪೇಷಂಟನ್ನೂ ನೋಡಿಲ್ಲ, ಮಾತಾಡಿಸಲಾದರೂ ನೀವು ಸಿಗಬೇಕು. ರುದ್ರವ್ವ ಇಳಕಲ್ ಸೀರೆ ಉಟ್ಟು, ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ಹೊತ್ತಿಗೆ ಮುಂಚೆಯೇ ಕೂತಳು. ಪರದೆಯ ತುಂಬ ಹೆಸರುಗಳು. ಒಂದೂ ಮುಖವಿಲ್ಲ. ಅವಳು ಬಂದದ್ದು ಗೊತ್ತಾಗದೆ ಹುಡುಗರು ಮರಾಠಿಯಲ್ಲಿ ಹರಟುತ್ತಿದ್ದರು.

“ನಮ್ಮ ಅಜ್ಜನ ಹೊಟ್ಟೆ ಒತ್ತಿ ಒತ್ತಿ ಕಲೀತಿದ್ದೆ. ಈಗ ನನ್ನ ಕಂಡರೆ ಬಾಗಿಲು ಹಾಕ್ಕೋತಾರೆ.”

“ನಿನಗೆ ಅಜ್ಜನಾದರೂ ಇದಾರೆ. ಡಿಗ್ರಿನೂ ಪಿಡಿಎಫ್‌ನಲ್ಲೇ ಕಳಿಸ್ತಾರೆ ನೋಡ್ತಿರು.”

“ನನಗಂತೂ ಇದೇ ಒಳ್ಳೇದು,” ಎಂದಳು ಒಬ್ಬಳು. “ಅರ್ಥವಾಗದ್ದನ್ನ ನಾಲ್ಕು ಸಲ ಕೇಳಬಹುದು. ಕ್ಲಾಸಿನಲ್ಲಿ ಎರಡನೇ ಸಲ ಕೇಳಿದರೆ ಬೈತಿದ್ರು.”

ರುದ್ರವ್ವನಿಗೆ ನಗು ಬಂತು. ಇವರ ಕೈ ಹೇಗಿರಬಹುದು ಎಂದುಕೊಂಡಳು.

ಮೇಡಂ ಬಂದರು; ಪರದೆಯಲ್ಲಿ ಮುಖ ಕಂಡದ್ದು ಅವರೊಬ್ಬರದೇ. ಎದೆಯ ಸದ್ದು ಕೇಳಿಸುತ್ತದೋ ನೋಡೋಣವೆಂದು ಫೋನನ್ನು ಎದೆಗೆ ಒತ್ತಿಕೊಳ್ಳಲು ಹೇಳಿದರು. ಒತ್ತಿಕೊಂಡಳು. ಎಡಕ್ಕೂ ಹೊರಳಿದಳು.

“ಮೇಡಂ, ಏನೂ ಕೇಳಿಸ್ತಿಲ್ಲ,” ಎಂದನೊಬ್ಬ. “ಈ ಆ್ಯಪು ಮಾತು ಬಿಟ್ಟು ಬೇರೆ ಸದ್ದನ್ನೆಲ್ಲ ಗಲಾಟೆ ಅಂತ ಅಳಿಸಿಬಿಡುತ್ತೆ.”

ಬಳಿಕ ಪ್ರಶ್ನೆಗಳು ಶುರುವಾದವು. ರುದ್ರವ್ವ ಪಾಠ ಒಪ್ಪಿಸಿದಳು. ದಮ್ಮು, ಎರಡು ಮಾಳಿಗೆ. ಕಾಲು ಬಾತಿಲ್ಲ. ದಿಂಬು ಒಂದೇ. ಯಾರೋ ಬರೆದುಕೊಂಡಿರಬೇಕು.

ಕೊನೆಯ ಸರದಿ ರೇಣುವಿನದು. ಅವಳು ಪುಣೆ ಬಳಿಯ ಭೋರ್ ಪೇಟೆಯ ಕಿರಾಣಿ ವ್ಯಾಪಾರಿಯ ಮಗಳು, ಮನೆಯಲ್ಲಿ ಕನ್ನಡ. ನೆಟ್‌ವರ್ಕ್ ಸಿಗಲೆಂದು ಮಾಳಿಗೆ ಮೇಲೆ ನಿಂತಿದ್ದಳು. ಆದರೂ ಚಿತ್ರ ನಿಂತುಹೋಗಿ ದನಿಯಷ್ಟೇ ಬರುತ್ತಿತ್ತು. ರುದ್ರವ್ವನ ದನಿ ನಾಲ್ಕು ಮಾತಿಗೊಮ್ಮೆ ತುಂಡಾಗುತ್ತಿದ್ದುದನ್ನು ರೇಣು ಮೊದಲು ನೆಟ್‌ವರ್ಕಿನ ದೋಷವೆಂದೇ ತಿಳಿದಿದ್ದಳು. ಆದರೆ ಮೇಡಂ ಮಾತು ತುಂಡಾಗುತ್ತಿರಲಿಲ್ಲ; ಹಾಗಾದರೆ ತುಂಡಾಗುತ್ತಿದ್ದುದು ಮುದುಕಿಯ ಉಸಿರು.

“ಅವ್ವಾ, ನೀವು ನಮ್ಮ ಕಡೆಯವರೇನ್ರಿ?” ಎಂದು ಹೆಸರಿನ ಅಂದಾಜಿನ ಮೇಲೆ ಕನ್ನಡದಲ್ಲಿ ಕೇಳಿದಳು.

“ಹೌದವಾ ತಂಗಿ! ಅಥಣಿ ಕಡೆ.” ರುದ್ರವ್ವನ ಮುಖ ಅರಳಿತು. ಎಷ್ಟು ದಿನವಾಗಿತ್ತು ಈ ಮಾತು ಕೇಳಿ.

“ರಾತ್ರಿ ಹ್ಯಾಂಗ ಮಲಗತೀರಿ?”

“ಎಲ್ಲೀ ಮಲಗೂದ ತಗೀ. ಗ್ವಾಡಿಗಿ ಒರಗಿ... ಕುಂತ ಬಿಡತೀನಿ. ಮಲಗಿದ್ರ ಜೀವ... ಹೋದಂಗ ಆಗತದ.”

ಆಡಿದ ಮೇಲೆ ಬೆಚ್ಚಿದಳು. ಪಾಠ ಮರಾಠಿಯದು, ಕನ್ನಡದಲ್ಲಿ ಅವಳ ಬಳಿ ಸಿದ್ಧ ಉತ್ತರವಿರಲಿಲ್ಲ.

“ಏನಂದರು ಮಾವಶಿ?” ಮೇಡಂ ಕೇಳಿದರು. ಅವರಿಗೆ ಕನ್ನಡ ಬಾರದು.

“ಹೇಳಬ್ಯಾಡ ತಂಗಿ,” ಎಂದಳು ರುದ್ರವ್ವ, ನಗುತ್ತಲೇ, ಊರ ಸುದ್ದಿ ಹೇಳುವವಳ ಹಾಗೆ. “ನಿನ್ನ ಕಾಲ ಬೀಳತೀನಿ. ನನ್ನನ್ನ ರಿಪೇರಿ ಮಾಡತಾರ. ಆಮ್ಯಾಲ ಯಾರೂ ಕರೆಯೂದಿಲ್ಲ.”

ಅರವತ್ತು ಹೆಸರುಗಳ ನಡುವೆ ಆ ಮಾತು ತಿಳಿದವಳು ಒಬ್ಬಳೇ. ರೇಣು ಮೈಕ್ ಮುಚ್ಚಿ ಮತ್ತೆ ತೆರೆದಳು. ನೆಟ್‌ವರ್ಕ್ ಹೋಯಿತೆಂದು ಉಳಿದವರು ಅಂದುಕೊಂಡರು. ಆಮೇಲೆ ಅವಳು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ರುದ್ರವ್ವನಿಗೆ ಮಾತು ಅರ್ಥವಾಗಲಿಲ್ಲ, ಮೇಡಂ ಮುಖ ಅರ್ಥವಾಯಿತು.

ಕ್ಲಾಸು ಅಲ್ಲಿಗೇ ನಿಂತಿತು. ಹೆಸರುಗಳು ಒಂದೊಂದಾಗಿ ಅಳಿದವು. ಸಂಜೆಗೆ ಆಂಬುಲೆನ್ಸು ಬಂತು. ಕೊರೊನಾ ಪರೀಕ್ಷೆ, ಎರಡು ದಿನದ ಒಂಟಿ ಕೋಣೆ, ಮೈಮುಖವೆಲ್ಲ ಮುಚ್ಚಿಕೊಂಡ ನರ್ಸುಗಳು. ತೊಡೆಯ ಸಂದಿನಿಂದ ಬಲೂನು ತೂರಿಸಿ ಕವಾಟವನ್ನು ಅಗಲ ಮಾಡಿದರು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಕಷ್ಟವಿತ್ತು ಎಂದರು. ಅವಳು ತಲೆಯಾಡಿಸಿದಳು. ಆ ವಾರ್ಡಿನಲ್ಲಿ ಒಬ್ಬ ವಿದ್ಯಾರ್ಥಿಯೂ ಸುಳಿಯಲಿಲ್ಲ.

ಫೆಬ್ರುವರಿಯಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆಯಿತು. ಕಾಲೇಜಿನಿಂದ ಫೋನ್ ಬರಲಿಲ್ಲ. ಪರೀಕ್ಷೆಯ ಹಿಂದಿನ ದಿನ ರೇಣು ವಾಡೆಯ ಮೆಟ್ಟಿಲು ಹತ್ತಿ ಬಂದಳು. ಮಾಸ್ಕಿನ ಮೇಲಿನ ಕಣ್ಣಿಂದ ರುದ್ರವ್ವ ಗುರುತು ಹಿಡಿಯಲಿಲ್ಲ, ದನಿಯಿಂದ ಹಿಡಿದಳು.

“ಕಾಲೇಜಿನಾಗ ಒಂದು ಫಾರ್ಮ್ ಕೊಟ್ಟಾರ್ರಿ,” ಎಂದಳು ರೇಣು, ಏನಾದರೂ ಮಾತಾಡಬೇಕೆಂದು. “ಆನ್‌ಲೈನ್ ಪಾಠ ಹ್ಯಾಂಗಿತ್ತು, ಐದಕ್ಕ ಎಷ್ಟು ಅಂತ.”

“ಎಷ್ಟು ಹಾಕಿದಿ?”

“ಇನ್ನೂ ಹಾಕಿಲ್ರಿ.”

ರುದ್ರವ್ವ ಚಾಪೆ ಹಾಸಿ ಮಲಗಿದಳು. “ಕೇಳು. ಒಮ್ಮೆರೆ ಕೇಳು.”

ಹುಡುಗಿಯ ಕೈ ಬೆಚ್ಚಗಿತ್ತು. ಬಹಳ ಹೊತ್ತು ಕಿವಿಗೊಟ್ಟಳು. ರುದ್ರವ್ವ ಎಡಕ್ಕೆ ಹೊರಳಿದಳು, ಇನ್ನಷ್ಟು ಹೊರಳಿದಳು.

“ನಾಳಿನ ಪರೀಕ್ಷಾಕ್ಕ ನಡೀತದೇನ?”

“ನಡೆಯೂದಿಲ್ರಿ ಅವ್ವಾ. ಸದ್ದು ಭಾಳ ಸಣ್ಣ ಆಗ್ಯದ.” ರೇಣು ಸ್ಟೆತಸ್ಕೋಪು ತೆಗೆದಳು. “ನನ್ನ ಮ್ಯಾಲ ಸಿಟ್ಟ ಅದ ಏನ್ರಿ?”

ರುದ್ರವ್ವ ಸೆರಗು ಸರಿಮಾಡಿಕೊಂಡು ಎದ್ದು ಕೂತಳು.

“ಅದ,” ಎಂದಳು. ಒಲೆ ಹೊತ್ತಿಸಿದಳು. “ಚಾ ಕುಡದ ಹೋಗು.”