ಭಾವನ ಮೋಟಾರ್ ಸೈಕಲ್ಲಿಗೆ ಭತ್ತದ ಕಾಳಿನ ಅಳತೆ

ಸ್ನೇಹಿತರೇ, ಸಾಗರದಿಂದ ತೀರ್ಥಹಳ್ಳಿಯವರೆಗೆ ಎಲ್ಲಿ ಎಂಜಿನ್ ಕೆಮ್ಮಿದರೂ ನನ್ನನ್ನು ನೆನೆಸಿಕೊಂಡೇ ಕೆಮ್ಮುತ್ತದೆ. ಹಾಗಿದ್ದರೂ ಇವತ್ತು ಆನಂದಪುರದ ಅಕ್ಕನ ಮನೆಯಲ್ಲಿ ಹೀಗಾಯಿತು.

ಭಾವನ ಹಳೇ ಟೂ ಸ್ಟ್ರೋಕ್ ಮೋಟಾರ್ ಸೈಕಲ್ ಎಷ್ಟು ಒದ್ದರೂ ಏಳುತ್ತಿರಲಿಲ್ಲ.

"ಕಿಡಿ ಹಾರೋ ಟೈಮ್ ತಪ್ಪಿದೆ ಭಾವ. ಈಗಲೇ ಓಡಿಸಿ ತೋರಿಸ್ತೀನಿ, ಬಾಜಿ!" ಎಂದೆ.

ಸಾಗರದ ಗ್ಯಾರೇಜಿನ ಮೇಸ್ತ್ರಿಯೊಬ್ಬ ಗುಟ್ಟು ಹೇಳಿಕೊಟ್ಟಿದ್ದ: ಪಿಸ್ಟನ್ ಮೇಲಿನ ತುದಿ ಮುಟ್ಟಲು ಒಂದು ಭತ್ತದ ಕಾಳಿನಷ್ಟು ಬಾಕಿ ಇರುವಾಗ ಕಿಡಿ ಹಾರಬೇಕು. ಪ್ಲಗ್ಗಿನ ತೂತಿಗೆ ಪೊರಕೆಯ ಹಿಡಿಕಡ್ಡಿ ಇಳಿಸಿದೆ. ಕಾಳಿನಿಂದ ಅಳೆದು ಕಡ್ಡಿಗೆ ಸುಣ್ಣದ ಗುರುತು ಹಾಕಿದೆ. ಆ ಗುರುತಿಗೆ ಕಿಡಿ ಹಾರುವಂತೆ ಪಾಯಿಂಟ್ ತಿರುಗಿಸಿ ಬಿಗಿದೆ.

ಒದ್ದೆ. ಕಿಕ್ಕರ್ ತಿರುಗಿ ನನ್ನನ್ನೇ ಒದ್ದಿತು, ಆದರೆ ಎಂಜಿನ್ ಎದ್ದಿತು! ಮೀಸೆ ತಿರುವಿ ಗೇರ್ ಹಾಕಿದೆ. ಗಾಡಿ ಹಿಂದಕ್ಕೆ ಹೊರಟಿತು. ಎಂಜಿನ್ನೇ ಉಲ್ಟಾ ತಿರುಗುತ್ತಿತ್ತು! ಅಕ್ಕ ಹಪ್ಪಳ ಒಣಹಾಕಿದ್ದ ಚಾಪೆಯ ಮೇಲೆ ಗಾಡಿ ಸಮೇತ ಮಲಗಿದೆ.

"ಎಂತದೋ ಇದು? ಮುಖ ರಸ್ತೆ ಕಡೆ, ಬರೋದು ಹಪ್ಪಳದ ಕಡೆ!" ಎಂದು ಅಕ್ಕ ಕೂಗಿದಳು.

ಭಾವ ಕಡ್ಡಿ ನೋಡಿದರು. "ಕಾಳು ಹೆಂಗೆ ಹಿಡಿದೆ ಮಾರಾಯ?"

"ಉದ್ದಕ್ಕೆ."

"ಅಡ್ಡಕ್ಕೆ ಹಿಡೀಬೇಕು ಕಣೋ! ಉದ್ದಕ್ಕೆ ಹಿಡಿದ್ರೆ ಕಿಡಿ ಬೇಗ ಹಾರಿ ಪಿಸ್ಟನ್ ಹಿಂದಕ್ಕೇ ಒದೀತದೆ. ಆ ಮೇಸ್ತ್ರಿ ನಂಗೂ ಹೇಳಿದ್ದ."

"ಓಡಿತಲ್ಲ ಭಾವ! ಯಾವ ಕಡೆಗೆ ಅಂತ ಮಾತಾಗಿರ್ಲಿಲ್ಲ."

"ದುಡ್ಡು ಮಾತ್ರ ಈ ಕಡೆಗೇ ಬರ್ಬೇಕು," ಎಂದು ಭಾವ ಕೈ ಚಾಚಿದರು.

ಸೋತದ್ದು ಎರಡು ರೂಪಾಯಿ ಎಂದು ಮನೆಯಲ್ಲಿ ಹೇಳಿದ್ದೇನೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಹಪ್ಪಳದ್ದೂ ಸೇರಿ ಹದಿನೈದು.