ಮಗ್ಗದ ಸದ್ದಿನಲ್ಲಿ ಕೈಮಾತು

ಪಲ್ಲಡಂನ ನಮ್ಮ ಶೆಡ್ಡಿನಲ್ಲಿ ಆರು ಪವರ್‌ಲೂಮ್ ಮಗ್ಗಗಳು ಓಡುವಾಗ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುತ್ತಿರಲಿಲ್ಲ. ಅದಕ್ಕೇ ನಾನೂ ನನ್ನ ಗಂಡನೂ ಕೈಯಲ್ಲೇ ಮಾತಾಡುವುದನ್ನು ಕಂಡುಕೊಂಡೆವು. ಕಿರುಬೆರಳು ಎತ್ತಿದರೆ ನೂಲಿನ ಎಳೆ ತುಂಡಾಗಿದೆ, ಹೆಬ್ಬೆರಳು ತುಟಿಗೆ ತಂದರೆ ಟೀ ಬೇಕು. ಜಗಳಕ್ಕೂ ಸನ್ನೆಗಳಿದ್ದವು, ಅದರಲ್ಲಿ ನನ್ನದೇ ಮೇಲುಗೈ. ನನ್ನನ್ನು ಕರೆಯಬೇಕಾದರೆ ಅವರು ತಮ್ಮ ಹುಬ್ಬುಗಳ ನಡುವೆ, ನಾನು ಕುಂಕುಮ ಇಡುವ ಜಾಗದಲ್ಲಿ, ಬೆರಳಿಡುತ್ತಿದ್ದರು.

ಅವರು ತೀರಿಕೊಂಡ ಮೇಲೆ ಮಗ್ಗಗಳನ್ನು ಮಾರಿಬಿಟ್ಟೆ. ಈಗ ಶೆಡ್ಡಿನಲ್ಲಿ ಹಲ್ಲಿ ಲೊಚಗುಟ್ಟಿದರೂ ಕೇಳಿಸುತ್ತದೆ. ಕೇಳಿಸಿ ಏನು ಬಂತು?

ಮೊನ್ನೆ ಮೊಮ್ಮಗಳು ಫೋನ್ ಮಾಡಿ, "ಅಜ್ಜೀ, ತಾತ ನಿನ್ನ ಏನಂತ ಕೂಗ್ತಿದ್ರು?" ಎಂದು ಕೇಳಿದಳು. ನನ್ನ ಬೆರಳು ತಾನಾಗಿ ಹಣೆಗೆ ಹೋಗಿ ಅಲ್ಲೇ ನಿಂತಿತು.

"ಅಜ್ಜೀ, ಲೈನಲ್ಲಿ ಇದ್ದೀಯಾ?" ಎಂದು ಅವಳು ಕೇಳುತ್ತಲೇ ಇದ್ದಳು.