ಬೀಗಿತ್ತಿಗಾಗಿ ಕಲಿತ ಸ್ಪ್ಯಾನಿಷ್

ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಸ್ಪ್ಯಾನಿಷ್ ತರಗತಿಯಲ್ಲಿ ಅರವತ್ತು ದಾಟಿದವರು ಅವರೊಬ್ಬರೇ. ನಾವೆಲ್ಲ ಆಫೀಸಿನ ಕೆಲಸಕ್ಕೆಂದು ಕಲಿಯುತ್ತಿದ್ದೆವು. ಹುಬ್ಬಳ್ಳಿ ಕಡೆಯ ಈ ಅಮ್ಮ ಬೀಗಿತ್ತಿಯೊಡನೆ ಮಾತಾಡಲು ಬರುತ್ತಿದ್ದರು. ಅವರ ಮಗಳು ಮದುವೆಯಾಗಿದ್ದ ಸಹೋದ್ಯೋಗಿ ಪೆರು ದೇಶದವನು.

ಕೊರಳಿನ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಸೆರಗಿನೊಳಗೆ ಸರಿಸಿಕೊಂಡು, ಬೆರಳಿನಿಂದ ಮೇಜು ಕುಟ್ಟುತ್ತ ಅವರು ಪಾಠ ಒಪ್ಪಿಸುತ್ತಿದ್ದರು. ಟೀಚರ್ ತಿದ್ದಲು ಬಾಯಿ ತೆರೆದರೆ, "ತಪ್ಪಾದ್ರ ಆಗ್ಲಿ ಬಿಡ್ರಿ, ಪೂರಾ ಹೇಳಿ ಮುಗಸ್ತೀನಿ" ಎನ್ನುತ್ತಿದ್ದರು.

ಬೀಗಿತ್ತಿ ಬಂದಾಗ ಅಮ್ಮ ನಮ್ಮನ್ನೂ ಮನೆಗೆ ಊಟಕ್ಕೆ ಕರೆದರು. ಬಾಯಿಪಾಠ ಮಾಡಿದ್ದ ಸ್ವಾಗತದ ಮಾತುಗಳನ್ನು ಒಂದೂ ಬಿಡದೆ ಹೇಳಿದರು. ಬೀಗಿತ್ತಿ ನಕ್ಕು ಚಪ್ಪಾಳೆ ತಟ್ಟಿದರು.

ಊಟದ ನಡುವೆ ಬೀಗಿತ್ತಿಯ ಕಣ್ಣು ಗೋಡೆಯ ಮೇಲೆ ಹಾರ ಹಾಕಿದ್ದ ಅಮ್ಮನ ಯಜಮಾನರ ಫೋಟೋದತ್ತ ಹೋಯಿತು. ತೀರಿಕೊಂಡ ತಮ್ಮ ಗಂಡನ ಬಗ್ಗೆ ಆಕೆ ಹೇಳತೊಡಗಿ ಬಿಕ್ಕಿದರು. ಮಾತು ಎಷ್ಟು ವೇಗವಾಗಿತ್ತೆಂದರೆ ನಮಗೆ ಅರ್ಧವೂ ಸಿಕ್ಕಲಿಲ್ಲ. ಅನುವಾದಿಸಲು ಮಗಳು ಮುಂದೆ ಬಂದಳು.

"ಬ್ಯಾಡವಾ, ತಿಳೀತು," ಎಂದು ಅಮ್ಮ ಅವಳನ್ನು ತಡೆದರು. ಎಡಗೈಯಿಂದ ಬೀಗಿತ್ತಿಯ ಬೆನ್ನು ಸವರಿ, "ಯೋ ತಂಬಿಯೆನ್" ಎಂದರು. ನಾನೂ ಹಾಗೇ, ಎಂದರ್ಥ. ಅದಕ್ಕಿಂತ ಮುಂದೆ ಅವರಿಗೆ ಮಾತು ಸಿಗಲಿಲ್ಲ.

ಮುಂದಿನ ಶನಿವಾರ ಅವರು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು. ನಮ್ಮ ಪಾಠ ಇನ್ನೂ ವರ್ತಮಾನಕಾಲದಲ್ಲೇ ಇತ್ತು.

"ಟೀಚರ್, ಭೂತಕಾಲ ಕಲಸ್ರಿ," ಎಂದರು. "ನಮ್ಮ ಯಜಮಾನ್ರು ಹೆಂಗಿದ್ರು ಅಂತ ಆಕಿಗೆ ಹೇಳಬೇಕಾಗೇತಿ."